ಕೈಯಲ್ಲಿದೆ ದೇವರ ಹೆಸರು

ಮೈಸೂರಿನಿಂದ ಬನ್ನೂರಿನ ಹಾದಿ ಹಿಡಿದು ಸುಮಾರು 35 ಕಿ.ಮೀ. ಸಾಗಿದರೆ ಗದ್ದೆ ಬಯಲುಗಳ ನಡುವೆ ಸೋಮನಾಥಪುರ ಸಿಗುತ್ತದೆ. ಇಷ್ಟು ದೊಡ್ಡ ಹೆಸರಿನ ಗುಡಿಯೊಂದು ಇಲ್ಲಿದೆ ಎಂದು ದೂರದಿಂದ ಗೊತ್ತೇ ಆಗುವುದಿಲ್ಲ. ಮುಗಿಲಿಗೆ ಏಣಿ ಹಾಕಿದಂಥ ರಾಯಗೋಪುರವಿಲ್ಲ, ಜಾತ್ರೆಯ ಗದ್ದಲವಿಲ್ಲ. ಹೆಬ್ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟಾಗಲೇ ನಕ್ಷತ್ರದ ಆಕಾರದ ಜಗತಿಯ ಮೇಲೆ ಮೂರು ಶಿಖರಗಳನ್ನು ಹೊತ್ತ ಕೇಶವ ದೇವಾಲಯ ಥಟ್ಟನೆ ಎದುರಾಗುತ್ತದೆ.

ಡಿಸೆಂಬರ್, ಜನವರಿಯೆಂದರೆ ಶಾಲಾ ಪ್ರವಾಸಗಳ ಕಾಲ. ಬಸ್ಸಿನಿಂದಿಳಿದ ಮಕ್ಕಳು ಸಾಲಾಗಿ ಗುಡಿಯನ್ನು ಒಂದು ಸುತ್ತು ಹಾಕುತ್ತಾರೆ. ಮುಂದೆ ನಡೆಯುವ ಮೇಷ್ಟರು ಗೋಡೆಯತ್ತ ಕೈ ತೋರಿಸಿ ‘ಇದು ವಿಷ್ಣು’ ಎನ್ನುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ‘ಇದೂ ವಿಷ್ಣು’. ಇನ್ನೊಂದು ಮೂಲೆ ತಿರುಗಿದರೆ ಮತ್ತೆ ವಿಷ್ಣು. ‘ಎಲ್ಲಾ ಒಬ್ಬನೇ ದೇವರಾದರೆ ಇಷ್ಟು ಸಲ ಯಾಕೆ ಕೆತ್ತಿದರು ಸಾರ್?’ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಅದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ: ‘ದೇವರ ಕೈಯಲ್ಲಿ ಯಾವಾಗಲೂ ಆಯುಧ ಯಾಕೆ?’ ಎರಡೂ ಒಳ್ಳೆಯ ಪ್ರಶ್ನೆಗಳೇ. ಮಧ್ಯಾಹ್ನದ ಹೊತ್ತಿಗೆ ತಲಕಾಡು ಮುಟ್ಟಬೇಕಾದ ಅವಸರದಲ್ಲಿ ಅವಕ್ಕೆ ಉತ್ತರ ಸಿಗುವುದು ಕಡಿಮೆ. ವಿಚಿತ್ರವೆಂದರೆ ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಆ ವಿಗ್ರಹಗಳ ಕೈಗಳಲ್ಲಿ.

ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದ ನಡುಭಾಗದಲ್ಲಿ ತನ್ನ ಹೆಸರಿನ ಅಗ್ರಹಾರ ಮಾಡಿ ಈ ಗುಡಿಯನ್ನು ಕಟ್ಟಿಸಿದ. ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಅಕ್ಕಸಾಲಿಗ ಚಿನ್ನದಲ್ಲಿ ಮಾಡುವ ಕೆಲಸವನ್ನು ಹೊಯ್ಸಳ ಶಿಲ್ಪಿ ಕಲ್ಲಿನಲ್ಲಿ ಮಾಡಲು ಸಾಧ್ಯವಾದದ್ದು ಈ ಗುಣದಿಂದ. ಬೆರಳಿನ ಉಂಗುರ, ಕಿರೀಟದ ಮಣಿ, ಶಂಖದ ಸುರುಳಿ ಎಲ್ಲವನ್ನೂ ಬಿಡಿಸಿ ತೋರಿಸುವ ಹಟ ಇಲ್ಲಿಯದು.

ಆ ಕಾಲದ ಶಿಲ್ಪಿಗಳು ಅನಾಮಿಕರಾಗಿ ಹೋದರು ಎನ್ನುವ ಮಾತು ಸೋಮನಾಥಪುರಕ್ಕೆ ಸಲ್ಲದು. ಅನೇಕ ವಿಗ್ರಹಗಳ ಪೀಠದಲ್ಲಿ ಕೆತ್ತಿದವನ ಹೆಸರು ಹಳಗನ್ನಡ ಲಿಪಿಯಲ್ಲಿದೆ. ಮಲ್ಲಿತಮ್ಮನ ಹೆಸರು ಎಲ್ಲಕ್ಕಿಂತ ಹೆಚ್ಚು ಸಲ ಕಣ್ಣಿಗೆ ಬೀಳುತ್ತದೆ. ಅಮೃತಾಪುರ, ನುಗ್ಗೇಹಳ್ಳಿಗಳಲ್ಲೂ ಕಾಣುವ ಹೆಸರು ಅದು. ಇಲ್ಲೊಂದು ಸ್ವಾರಸ್ಯವಿದೆ. ಶಿಲ್ಪಿ ತನ್ನ ಹೆಸರನ್ನು ದೇವರ ಕಾಲಡಿಯಲ್ಲಿ ಅಕ್ಷರಗಳಲ್ಲಿ ಬರೆದ. ದೇವರ ಹೆಸರನ್ನು ಅಕ್ಷರದಲ್ಲಿ ಬರೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಅದನ್ನು ಅವನು ದೇವರ ಕೈಯಲ್ಲೇ ಇಟ್ಟ.

ವಿಷ್ಣುವಿಗೆ ನಾಲ್ಕು ಕೈ. ಅವುಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ. ಶಂಖಕ್ಕೆ ಪಾಂಚಜನ್ಯ, ಚಕ್ರಕ್ಕೆ ಸುದರ್ಶನ, ಗದೆಗೆ ಕೌಮೋದಕಿ ಎಂದು ಹೆಸರು. ಪದ್ಮ ಹೇಗೂ ಆಯುಧವಲ್ಲ. ಶಂಖವೂ ಹೊಡೆಯುವ ಸಾಧನವಲ್ಲ, ಯುದ್ಧ ತೊಡಗಿತು ಎಂದು ಸಾರುವ ದನಿ. ಆದರೂ ಶಿಲ್ಪಶಾಸ್ತ್ರ ಇವೆಲ್ಲವನ್ನೂ ಒಟ್ಟಿಗೇ ಲೆಕ್ಕ ಹಿಡಿಯುತ್ತದೆ. ಯಾವ ಕೈಯಲ್ಲಿ ಯಾವುದು ಎಂಬ ಕ್ರಮ ಬದಲಾದರೆ ಮೂರ್ತಿಯ ಹೆಸರೇ ಬದಲಾಗುತ್ತದೆ. ಹೀಗೆ ಹುಟ್ಟುವುದು 24 ಮೂರ್ತಿಗಳು, ಚತುರ್ವಿಂಶತಿ ಮೂರ್ತಿಗಳು.

ಈ ಹೆಸರುಗಳು ಕನ್ನಡದ ಮನೆಗಳಿಗೆ ಹೊಸತಲ್ಲ. ಸಂಧ್ಯಾವಂದನೆಯ ಆಚಮನದಲ್ಲಿ ಕೇಶವ, ನಾರಾಯಣ, ಮಾಧವ ಎಂದು ತೊಡಗಿ ಕೃಷ್ಣನವರೆಗೆ ಹೇಳುವುದು ಇವನ್ನೇ. ಕನಕದಾಸರ ಕೇಶವನಾಮದಲ್ಲಿ ಪದ್ಯಕ್ಕೊಂದರಂತೆ ಬರುವುದೂ ಇವೇ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ಹಾಡುತ್ತಿದ್ದುದನ್ನು ಕೇಳಿ ಬೆಳೆದವರಿಗೆ ಹೆಸರುಗಳ ಸಾಲು ಬಾಯಲ್ಲಿ ತಾನಾಗಿ ಬರುತ್ತದೆ. ಆದರೆ ಮನೆಯಲ್ಲಿ ಬಾಯಿಗೆ ಬಂದ ಹೆಸರನ್ನು ಸೋಮನಾಥಪುರದ ಗೋಡೆಯ ಮೇಲೆ ಕಣ್ಣಿನಿಂದ ಗುರುತಿಸಬಹುದೆಂದು ಹೇಳಿಕೊಡುವವರು ವಿರಳ.

ಗುರುತಿಸುವ ಬಗೆ ಕಷ್ಟದ್ದಲ್ಲ. ಮೊದಲು ನೆನಪಿಡಬೇಕಾದದ್ದು, ದೇವರ ಬಲಗೈ ನೋಡುವವರ ಎಡಕ್ಕಿರುತ್ತದೆ. ಮಕ್ಕಳಿರಲಿ, ದೊಡ್ಡವರೂ ಎಡವುವುದು ಇಲ್ಲಿಯೇ. ದೇವರ ಕೆಳಗಿನ ಬಲಗೈಯಿಂದ ಆರಂಭಿಸಿ, ಮೇಲಿನ ಬಲಗೈ, ಮೇಲಿನ ಎಡಗೈ, ಕೊನೆಗೆ ಕೆಳಗಿನ ಎಡಗೈ, ಹೀಗೆ ಪ್ರದಕ್ಷಿಣೆಯಂತೆ ಕಣ್ಣು ಹಾಯಿಸಬೇಕು. ಪದ್ಮ, ಶಂಖ, ಚಕ್ರ, ಗದೆ ಎಂಬ ಕ್ರಮ ಸಿಕ್ಕಿದರೆ ಅವನು ಕೇಶವ. ಮೇಲಿನ ಎರಡು ಕೈಗಳ ಶಂಖ ಚಕ್ರಗಳು ಮಾತ್ರ ಅದಲುಬದಲಾಗಿ ಪದ್ಮ, ಚಕ್ರ, ಶಂಖ, ಗದೆ ಎಂದಾದರೆ ಜನಾರ್ದನ. ಆ ಜನಾರ್ದನನ ಕೆಳಗಿನ ಎರಡು ಕೈಗಳನ್ನೂ ಅದಲುಬದಲು ಮಾಡಿ ಗದೆ, ಚಕ್ರ, ಶಂಖ, ಪದ್ಮ ಎಂದರೆ ಮಾಧವ. ಮುಖ ಅದೇ, ಕಿರೀಟ ಅದೇ, ನಿಲುವು ಅದೇ. ಎಲ್ಲ 24ರ ಕ್ರಮದಲ್ಲಿ ಗ್ರಂಥದಿಂದ ಗ್ರಂಥಕ್ಕೆ ಕೆಲವು ವ್ಯತ್ಯಾಸಗಳುಂಟು. ಪಂಡಿತರು ಅದರ ಮೇಲೆ ವಾದ ಮಾಡುತ್ತಲೇ ಇರುತ್ತಾರೆ. ಶಾಲೆಯ ಮಕ್ಕಳಿಗೆ ಈ ಮೂರು ಗೊತ್ತಾದರೆ ಸಾಕು, ಉಳಿದದ್ದನ್ನು ಹುಡುಕುವ ಆಸೆ ತಾನಾಗಿ ಹುಟ್ಟುತ್ತದೆ.

ಇಪ್ಪತ್ನಾಲ್ಕೇ ಏಕೆ ಎಂಬ ಪ್ರಶ್ನೆಗೆ ಉತ್ತರ ಗಣಿತದ ಪುಸ್ತಕದಲ್ಲಿದೆ. ಮೊದಲ ಕೈಗೆ ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕೊಡಬಹುದು. ಎರಡನೆಯದಕ್ಕೆ ಉಳಿದ ಮೂರರಲ್ಲಿ ಒಂದು, ಮೂರನೆಯದಕ್ಕೆ ಎರಡರಲ್ಲಿ ಒಂದು, ಕೊನೆಯ ಕೈಗೆ ಉಳಿದದ್ದು. 4×3×2×1, ಅಂದರೆ 24. ಕ್ರಮಯೋಜನೆ ಎಂದು ಪಿಯುಸಿಯಲ್ಲಿ ಓದಿ ತಲೆ ಕೆರೆದುಕೊಳ್ಳುವ ಲೆಕ್ಕವೇ ಇದು. ಭಾಸ್ಕರಾಚಾರ್ಯ ಇದೇ ಲೆಕ್ಕವನ್ನು ಇದೇ ದೇವರನ್ನಿಟ್ಟುಕೊಂಡು ಕೇಳಿದ್ದಾನೆ. 1150ರಲ್ಲಿ, ಸೋಮನಾಥಪುರದ ಗುಡಿಗೆ ಸುಮಾರು ಒಂದು ಶತಮಾನ ಮೊದಲು ರಚಿತವಾದ ಅವನ ‘ಲೀಲಾವತಿ’ಯ ಅಂಕಪಾಶ ಎಂಬ ಭಾಗದಲ್ಲಿ ಹರಿಯ ನಾಲ್ಕು ಕೈಗಳ ಶಂಖ, ಚಕ್ರ, ಗದೆ, ಪದ್ಮಗಳಿಂದ ಎಷ್ಟು ಮೂರ್ತಿಭೇದಗಳಾಗುತ್ತವೆ ಎಂಬ ಪ್ರಶ್ನೆಯಿದೆ. ಅದರ ಜೊತೆಗೇ ಪಾಶ, ಅಂಕುಶ, ಸರ್ಪ, ಡಮರು, ಕಪಾಲ, ತ್ರಿಶೂಲ ಮುಂತಾದ ಹತ್ತನ್ನು ಹತ್ತು ಕೈಗಳಲ್ಲಿ ಹಿಡಿದ ಶಂಭುವಿನ ಪ್ರಶ್ನೆಯೂ ಇದೆ. ಅದರ ಉತ್ತರ 36,28,800. ಶಿಲ್ಪಿಗಳು ಶಿವನಿಗೆ ಆ ಲೆಕ್ಕವನ್ನು ಅನ್ವಯಿಸಲು ಹೋಗದಿದ್ದದ್ದು ಅವರ ಪುಣ್ಯ.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಗೋಡೆಯ ಬಳಿ ನಿಂತು ನೋಡಿದರೆ ಅದರ ಇನ್ನೊಂದು ಮುಖ ಕಾಣುತ್ತದೆ. ಸೋಮನಾಥಪುರದ ಎಷ್ಟೋ ವಿಗ್ರಹಗಳ ಕೈಗಳು ಮುರಿದಿವೆ. ಮೈಯಿಂದ ಹೊರಚಾಚಿದ ಭಾಗ ಕೈ. ಏಟು ಮೊದಲು ಬೀಳುವುದು ಅದಕ್ಕೇ. ಒಂದು ಕೈ ಹೋಗಿದ್ದರೆ ಚಿಂತೆಯಿಲ್ಲ. ಉಳಿದ ಮೂರು ಕೈಗಳನ್ನು ನೋಡಿ ಹೋದದ್ದು ಏನೆಂದು ಹೇಳಬಹುದು. ಎರಡು ಹೋದರೆ ಇಬ್ಬರಲ್ಲಿ ಒಬ್ಬ. ಮೂರು ಹೋದರೆ ಆರು ಮಂದಿಯಲ್ಲಿ ಒಬ್ಬ. ನಾಲ್ಕೂ ಹೋದರೆ ಇಪ್ಪತ್ನಾಲ್ವರಲ್ಲಿ ಯಾರು ಬೇಕಾದರೂ ಆಗಬಹುದು. ಮುಖ ಅಷ್ಟೇ ಚೆಲುವಾಗಿ ನಗುತ್ತಿರುತ್ತದೆ, ಕೆಳಗೆ ಶಿಲ್ಪಿಯ ಹೆಸರೂ ಉಳಿದಿರುತ್ತದೆ, ದೇವರ ಹೆಸರು ಮಾತ್ರ ಇರುವುದಿಲ್ಲ. ಫೋಟೋಗೆಂದು ವಿಗ್ರಹದ ತೋಳಿಗೆ ಜೋತುಬೀಳುವ ಹುಡುಗನಿಗೆ ಇದನ್ನು ಹೇಳಬೇಕು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು ಎಂದು ಹೆದರಿಸುವುದಕ್ಕಿಂತ, ಒಂದು ಬೆರಳು ಮುರಿದರೆ ಒಂದು ಹೆಸರು ಅಳಿಸಬಹುದು ಎನ್ನುವುದು ಅವನಿಗೆ ಬೇಗ ನಾಟೀತು.

ಇನ್ನು ಎರಡನೆಯ ಪ್ರಶ್ನೆ. ಆಯುಧವೇ ಯಾಕೆ?

ಇದಕ್ಕೂ ಗೋಡೆಯನ್ನೇ ಕೇಳಬೇಕು, ಈ ಸಲ ಬುಡದಿಂದ. ಗುಡಿಯ ತಳಭಾಗದಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳಿವೆ. ಮೊದಲು ಆನೆಗಳ ಸಾಲು, ಮೇಲೆ ಕುದುರೆ ಸವಾರರು, ಬಳ್ಳಿಯ ಸುರುಳಿ, ಅದರ ಮೇಲೆ ರಾಮಾಯಣ, ಭಾಗವತ, ಮಹಾಭಾರತಗಳ ಕಥೆ, ಆಮೇಲೆ ಮಕರ, ಹಂಸ. ಕಥೆಯ ಪಟ್ಟಿಕೆಯಲ್ಲಿ ಯುದ್ಧ ಜೋರಾಗಿಯೇ ನಡೆದಿದೆ. ಬಿಲ್ಲು ಬಾಗಿದೆ, ರಥಗಳು ಎದುರುಬದುರಾಗಿವೆ, ವೀರರು ಉರುಳಿದ್ದಾರೆ. ಕಟ್ಟಿಸಿದವನು ದಂಡನಾಯಕ, ಯುದ್ಧ ಅವನ ಕಸುಬು. ಅಲ್ಲಿಂದ ಕಣ್ಣೆತ್ತಿ ಮೇಲಿನ ದೊಡ್ಡ ವಿಗ್ರಹಗಳನ್ನು ನೋಡಿದರೆ ಆಯುಧಗಳೆಲ್ಲ ನಿಶ್ಚಲವಾಗಿವೆ. ಕೇಶವನಾಗಲಿ ಮಾಧವನಾಗಲಿ ಯಾರ ಮೇಲೂ ಚಕ್ರ ಎತ್ತಿಲ್ಲ. ನೆಟ್ಟಗೆ, ಮೈ ಬಳುಕಿಸದೆ ನಿಂತಿದ್ದಾನೆ. ದಕ್ಷಿಣದ ಶಿಲ್ಪಗಳಲ್ಲಿ ಚಕ್ರ, ಶಂಖಗಳನ್ನು ಸಾಮಾನ್ಯವಾಗಿ ಮುಷ್ಟಿಯಲ್ಲಿ ಬಿಗಿ ಹಿಡಿಯುವುದಿಲ್ಲ. ಕತ್ತರಿಯಂತೆ ಬಿಡಿಸಿದ ಎರಡು ಬೆರಳುಗಳ ನಡುವೆ, ಹೂವನ್ನು ಹಿಡಿದಷ್ಟೇ ಹಗುರಾಗಿ ನಿಲ್ಲಿಸಿರುತ್ತಾರೆ. ಮನುಷ್ಯರ ಕೈಯಲ್ಲಿ ಆಯುಧ ಕೆಲಸಕ್ಕೆ ಇಳಿಯುವುದು ಕೆಳಗಿನ ಪಟ್ಟಿಕೆಯಲ್ಲಿ. ದೇವರ ಕೈಯಲ್ಲಿ ಅದು ಸುಮ್ಮನಿರುವುದು ಮೇಲೆ. ದಂಡನಾಯಕನೊಬ್ಬ ಇದನ್ನು ದಿನವೂ ನೋಡುತ್ತಿದ್ದಿರಬೇಕು.

ಸುಮ್ಮನಿರುವ ಆಯುಧಕ್ಕೆ ಅರ್ಥ ಹೇಳುವ ಕೆಲಸವನ್ನು ಪುರಾಣಗಳು ಮಾಡಿವೆ. ವಿಷ್ಣುಪುರಾಣದ ಮೊದಲ ಅಂಶದಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಅದರ ಪ್ರಕಾರ ಗದೆಯೆಂದರೆ ಬುದ್ಧಿ. ಶಂಖವೂ ಶಾರ್ಙ್ಗವೆಂಬ ಬಿಲ್ಲೂ ಅಹಂಕಾರದ ಎರಡು ಬಗೆಗಳು. ಒಂದರಿಂದ ಪಂಚಭೂತಗಳು, ಇನ್ನೊಂದರಿಂದ ಇಂದ್ರಿಯಗಳು. ಬಾಣಗಳು ಇಂದ್ರಿಯಗಳು. ಚಕ್ರವೆಂದರೆ ಮನಸ್ಸು, ಗಾಳಿಗಿಂತ ವೇಗವಾಗಿ ಸದಾ ತಿರುಗುವಂಥದ್ದು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕದ ಮುಂದೆ ಕುಳಿತ ವಿದ್ಯಾರ್ಥಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಮನಸ್ಸು ಎರಡು ಬೆರಳಿನ ನಡುವೆ ನಿಂತಿದೆ ಎನ್ನುವುದೇ ಚಿತ್ರ. ಎಲ್ಲಕ್ಕಿಂತ ಸೊಗಸಾದದ್ದು ಕತ್ತಿಯ ಮಾತು. ವಿಷ್ಣುವಿನ ಖಡ್ಗ ವಿದ್ಯೆ, ಅದನ್ನು ಮುಚ್ಚಿರುವ ಒರೆ ಅವಿದ್ಯೆ. ಅಂದರೆ ಜ್ಞಾನವನ್ನು ಎಲ್ಲಿಂದಲೋ ತರಬೇಕಾಗಿಲ್ಲ, ಅದು ಒರೆಯೊಳಗೇ ಇದೆ.

ಇಂಥ ಅರ್ಥಗಳನ್ನು ಒಂದೇ ಸೂತ್ರದಂತೆ ಬಾಯಿಪಾಠ ಮಾಡಿಸುವುದು ಸರಿಯಲ್ಲ. ತ್ರಿಶೂಲದ ಮೂರು ಮೊನೆಗಳನ್ನು ಮೂರು ಗುಣ ಎನ್ನುವವರಿದ್ದಾರೆ, ಮೂರು ಕಾಲ ಎನ್ನುವವರಿದ್ದಾರೆ, ಸೃಷ್ಟಿ ಸ್ಥಿತಿ ಲಯ ಎನ್ನುವವರೂ ಇದ್ದಾರೆ. ಎಲ್ಲ ಭಕ್ತರು ಒಂದೇ ಕಾಲದವರಲ್ಲ, ಒಂದೇ ಮತದವರೂ ಅಲ್ಲ. ಕೆಲವು ಆಯುಧಗಳಂತೂ ಅರ್ಥಕ್ಕೆ ಮೊದಲು ನಗು ತರಿಸುತ್ತವೆ. ಹೊಯ್ಸಳ ಗುಡಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಗಣಪತಿಯ ಕೈಯ ಅಂಕುಶ ನಿಜವಾಗಿ ಮಾವುತನ ಸಾಧನ. ಆನೆಯ ತಲೆಯ ದೇವರು ಆನೆಯನ್ನು ಹದಕ್ಕೆ ತರುವ ಅಂಕುಶವನ್ನು ತಾನೇ ಹಿಡಿದಿದ್ದಾನೆ. ಬಲರಾಮನ ಆಯುಧಗಳು ನೇಗಿಲು ಮತ್ತು ಒನಕೆ. ಒಂದು ಹೊಲದ್ದು, ಇನ್ನೊಂದು ಮನೆಯ ಒರಳಿನದು.

ಆಯುಧವೇ ವ್ಯಕ್ತಿಯಾಗಿ ನಿಲ್ಲುವುದೂ ಉಂಟು. ಇವರಿಗೆ ಆಯುಧಪುರುಷರೆಂದು ಹೆಸರು. ಇಲ್ಲಿ ಸಂಸ್ಕೃತ ವ್ಯಾಕರಣವೂ ಕೈ ಹಾಕಿದೆ. ಗದಾ ಎಂಬುದು ಸ್ತ್ರೀಲಿಂಗ ಶಬ್ದವಾದ್ದರಿಂದ ಗದೆಯನ್ನು ಹೆಣ್ಣಾಗಿ ಕೆತ್ತುತ್ತಾರೆ. ಕಾಳಿದಾಸನ ರಘುವಂಶದಲ್ಲಿ ಗರ್ಭಿಣಿಯರಾದ ದಶರಥನ ರಾಣಿಯರ ಕನಸಿನಲ್ಲಿ ಶಂಖ, ಖಡ್ಗ, ಗದೆ, ಬಿಲ್ಲು, ಚಕ್ರಗಳ ಗುರುತು ಹೊತ್ತ ಕುಬ್ಜರು ಬಂದು ಕಾವಲು ಕಾಯುತ್ತಾರೆ.

ಕಲ್ಲಿನ ಆಯುಧಗಳನ್ನು ನೋಡಿದವರು ಅವು ಜನರ ಬದುಕಿನಲ್ಲಿ ಹೇಗಿವೆ ಎಂದು ತಿಳಿಯಬೇಕಾದರೆ ದಸರೆಯ ಹೊತ್ತಿಗೆ ಮೈಸೂರಿಗೆ ಮರಳಬೇಕು. ಊರಿನ ನೆತ್ತಿಯ ಮೇಲೆ ಚಾಮುಂಡಿ ಬೆಟ್ಟ, ಅಲ್ಲಿ ಎಂಟು ಕೈಗಳ ದೇವಿ. ದೇವೀಮಾಹಾತ್ಮ್ಯೆಯ ಕಥೆಯಲ್ಲಿ ಆಕೆಯ ಆಯುಧಗಳೆಲ್ಲ ಬೇರೆಯವರು ಕೊಟ್ಟವು. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ ಕೊಟ್ಟ, ವರುಣ ಶಂಖ, ಅಗ್ನಿ ಶಕ್ತಿ, ವಾಯು ಬಿಲ್ಲುಬಾಣ, ಇಂದ್ರ ವಜ್ರಾಯುಧ, ವಿಶ್ವಕರ್ಮ ಕೊಡಲಿ. ಒಬ್ಬೊಬ್ಬರ ಕೈಯಲ್ಲಿ ಬಿಡಿಬಿಡಿಯಾಗಿದ್ದು ಸೋತ ಆಯುಧಗಳು ಒಂದೆಡೆ ಸೇರಿದಾಗ ಮಹಿಷನ ಕಥೆ ಮುಗಿಯಿತು. ಬೆಟ್ಟದ ಮೇಲೆ ಎಲ್ಲ ಮಕ್ಕಳೂ ಫೋಟೋ ತೆಗೆಸಿಕೊಳ್ಳುವುದು ಮಾತ್ರ ದೇವಿಯ ಬಳಿಯಲ್ಲಲ್ಲ, ಕತ್ತಿ ಮತ್ತು ಹಾವು ಹಿಡಿದು ನಿಂತ ಮಹಿಷಾಸುರನ ಬಳಿ!

ಮಹಾನವಮಿಯಂದು ಅರಮನೆಯಲ್ಲಿ ಪಟ್ಟದ ಕತ್ತಿಗೂ ರಾಜಮನೆತನದ ಆಯುಧಗಳಿಗೂ ಪೂಜೆ. ಪಟ್ಟದ ಆನೆ, ಕುದುರೆ, ಹಸುಗಳೂ ಅಲಂಕಾರಗೊಂಡು ಬರುತ್ತವೆ. ಕತ್ತಿಗಳು ಯುದ್ಧ ಕಂಡು ಎಷ್ಟೋ ಕಾಲವಾಯಿತು, ಆದರೂ ವರ್ಷಕ್ಕೊಮ್ಮೆ ಅವಕ್ಕೆ ಅರಿಸಿನ ಕುಂಕುಮ ತಪ್ಪಿಲ್ಲ. ಅದೇ ಹೊತ್ತಿಗೆ ಅರಮನೆಯ ಹೊರಗೆ ದರ್ಜಿಯ ಕತ್ತರಿ, ಬಡಗಿಯ ಉಳಿ ಕೊಡತಿ, ರೈತನ ನೇಗಿಲು, ಗ್ಯಾರೇಜಿನ ಸ್ಪ್ಯಾನರು ಎಲ್ಲವೂ ಆಯುಧಗಳೇ. ಬಸ್ಸಿನ ಮುಖಕ್ಕೆ ಬಾಳೆಕಂದು ಕಟ್ಟಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತಾರೆ. ಒಡೆದ ಹೋಳುಗಳ ಮೇಲೆ ಜಾರಿ ಬೀಳುವ ಸ್ಕೂಟರುಗಳೂ ಆಚರಣೆಯ ಭಾಗವೇ ಆಗಿಬಿಟ್ಟಿರುವುದು ಬೇರೆ ಮಾತು. ವಿದ್ಯಾರ್ಥಿಗಳ ಆಯುಧಗಳಾದ ಪುಸ್ತಕ, ಪೆನ್ನುಗಳು ಸರಸ್ವತಿ ಪೂಜೆಯಂದೇ ದೇವರ ಮುಂದೆ ಸೇರಿರುತ್ತವೆ. ಪೂಜೆಗಿಟ್ಟ ಪುಸ್ತಕ ಮುಟ್ಟಬಾರದು ಎಂಬ ನಿಯಮವನ್ನು ಮಕ್ಕಳಷ್ಟು ಶ್ರದ್ಧೆಯಿಂದ ಪಾಲಿಸುವವರು ಇನ್ನಾರೂ ಇಲ್ಲ. ಮರುದಿನ ವಿಜಯದಶಮಿಗೆ ಬನ್ನಿಯ ಪೂಜೆ. ಪಾಂಡವರು ಅಜ್ಞಾತವಾಸದ ವರ್ಷ ತಮ್ಮ ಆಯುಧಗಳನ್ನು ಬಚ್ಚಿಟ್ಟದ್ದು ಬನ್ನಿಯ ಮರದಲ್ಲಿ. ಅಲ್ಲೂ ಆಯುಧ ಕೆಲಸ ಮಾಡದೆ ಕಾದಿತ್ತು.

ಭಕ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆಯುಧದ ಗುರುತನ್ನು ಮೈಮೇಲೇ ತಂದುಕೊಂಡಿದೆ. ಆಷಾಢ ಶುದ್ಧ ಏಕಾದಶಿಯಂದು ಉಡುಪಿಯಲ್ಲೂ ಬೇರೆ ಊರುಗಳ ಮಾಧ್ವ ಮಠಗಳಲ್ಲೂ ಬೆಳಗಿನಿಂದಲೇ ಉದ್ದನೆಯ ಸಾಲು ನಿಂತಿರುತ್ತದೆ. ಸುದರ್ಶನ ಹೋಮದ ಅಗ್ನಿಯಲ್ಲಿ ಕಾಯಿಸಿದ ಮುದ್ರೆಗಳನ್ನು ಸ್ವಾಮಿಗಳು ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ ಎಂದು ಒತ್ತುತ್ತಾರೆ. ಇದು ತಪ್ತಮುದ್ರಾಧಾರಣೆ. ಅಪ್ಪನ ತೋಳಿನ ಮೇಲೆ ಸಣ್ಣ ಚಕ್ರದ ಕೆಂಪು ಗುರುತು ಕಂಡು ಬೆಳೆದ ಮಗು, ಸೋಮನಾಥಪುರದಲ್ಲಿ ಅದೇ ಆಕಾರವನ್ನು ಜನಾರ್ದನನ ಮೇಲಿನ ಬಲಗೈಯಲ್ಲಿ ಕಂಡರೆ ಕೂಡಲೇ ಗುರುತು ಹಿಡಿಯುತ್ತದೆ.

ಆ ಜನಾರ್ದನ ಇರುವುದು ಗುಡಿಯೊಳಗಿನ ಉತ್ತರದ ಗರ್ಭಗುಡಿಯಲ್ಲಿ. ನವರಂಗದೊಳಗೆ ತುಸು ಹೊತ್ತು ನಿಂತು ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮೊದಲು ತಲೆಯ ಮೇಲಿನ ಭುವನೇಶ್ವರಿಗಳು ಕಾಣುತ್ತವೆ, ಬಾಳೆಯ ಮೂತಿಯಂತೆ, ತಾವರೆಯಂತೆ ಇಳಿಬಿದ್ದಿರುವ ಕಲ್ಲಿನ ಚಾವಣಿ. ಆಮೇಲೆ ಮೂರು ಬಾಗಿಲುಗಳು. ಎದುರಿಗೆ, ಪಶ್ಚಿಮದಲ್ಲಿ ಕೇಶವ. ಗುಡಿಗೆ ಅವನದೇ ಹೆಸರು, ಆದರೆ ಮೂಲ ವಿಗ್ರಹ ಇಲ್ಲ. ಈಗ ಅಲ್ಲಿರುವುದು ಬೇರೆಯದು. ಸುತ್ತಿನ ಕೈಸಾಲೆಯ 64 ಗೂಡುಗಳೂ ಬರಿದಾಗಿವೆ. ನಿತ್ಯಪೂಜೆ ನಿಂತುಹೋಗಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಈ ಗುಡಿಯೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಇದರ ಹೆಸರು ಹೊರಗೆ ಇನ್ನಷ್ಟು ಹರಡಿದೆ. ಕೇಶವ ಯಾವ ಕ್ರಮದಲ್ಲಿ ಏನನ್ನು ಹಿಡಿದಿದ್ದ ಎಂಬುದನ್ನು ಶಾಸ್ತ್ರ ಹೇಳುತ್ತದೆ, ಅವನ ಮುಖ ಹೇಗಿತ್ತೆಂದು ಹೇಳಲಾರದು.

ದಕ್ಷಿಣದ ಗರ್ಭಗುಡಿಗೆ ಬಂದರೆ ಎಣಿಸಲು ಏನೂ ಇಲ್ಲ. ಅಲ್ಲಿರುವವನು ವೇಣುಗೋಪಾಲ. ಎರಡೇ ಕೈ, ಎರಡೂ ಕೊಳಲಿಗೆ. ಕಾಲು ಅಡ್ಡ ಹಾಕಿ, ಮೈ ಬಳುಕಿಸಿ, ಮರದಡಿ ನಿಂತಿದ್ದಾನೆ. ಹಸುಗಳು ಕತ್ತೆತ್ತಿವೆ, ಗೋಪ ಗೋಪಿಯರು ಕಿವಿಗೊಟ್ಟಿದ್ದಾರೆ. ಗೋಡೆಯ ಸುತ್ತ ಕೈಗಳನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ಇಲ್ಲಿ ಶಂಖವೂ ಇಲ್ಲ, ಚಕ್ರವೂ ಇಲ್ಲ ಎನ್ನುವುದು ತಟ್ಟನೆ ಅರಿವಾಗುತ್ತದೆ. ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಮೂವರಲ್ಲಿ ಒಬ್ಬನ ಕೈಗೆ ಆಯುಧ ಕೊಟ್ಟಿಲ್ಲ. ಅವನನ್ನು ಗುರುತಿಸಲು ಯಾವ ಮಗುವಿಗೂ ಯಾರೂ ಹೇಳಿಕೊಡಬೇಕಾಗಿಯೂ ಇಲ್ಲ.

ಸೋಮನಾಥಪುರಕ್ಕೆ ಮೈಸೂರಿನಿಂದ ಬನ್ನೂರಿನ ಮೇಲೆ ಹೋಗುವುದು ಹತ್ತಿರ. ಬನ್ನೂರಿನಲ್ಲಿ ಬಸ್ಸು ಬದಲಿಸಬೇಕಾಗಬಹುದು. ತಿರುಮಕೂಡಲು ನರಸೀಪುರದ ಕಡೆಯಿಂದಲೂ ಬರಬಹುದು. ನಡು ಮಧ್ಯಾಹ್ನ ಬೇಡ, ನೆತ್ತಿಯ ಬಿಸಿಲಿನಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬಿದ್ದರೆ ಶಂಖದ ಸುರುಳಿಯೂ ಚಕ್ರದ ಅಂಚೂ ಬೇರೆಬೇರೆಯಾಗಿ ಎದ್ದು ತೋರುತ್ತವೆ. ಮಕ್ಕಳ ಕೈಗೊಂದು ಕಾಗದ, ಪೆನ್ಸಿಲು ಕೊಟ್ಟು, ನಾಲ್ಕು ಕೈಯ ಚಿತ್ರ ಬರೆದು ಒಂದೊಂದರ ಪಕ್ಕ ಕಂಡದ್ದನ್ನು ಗುರುತು ಹಾಕಿಕೊಳ್ಳಲು ಹೇಳಬಹುದು. ಗುಡಿಯನ್ನು ಒಂದು ಸುತ್ತು ಬರಲು ಹದಿನೈದು ನಿಮಿಷ ಸಾಕೆಂದುಕೊಂಡು ಬಂದವರಿಗೆ ಆಗ ಅರ್ಧ ದಿನವೂ ಸಾಲದು. ತಲಕಾಡನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು.